ಒಂದೊಂದು ಕಿವಿ

ಜಾಹೀದ್,

ನೀನು ತೀರಿಕೊಂಡ ಮೇಲೆ ಇವತ್ತೇ ಮೊದಲು ಲಿಂಗಸುಗೂರು ಬಸ್ಸಿನಲ್ಲಿ ನಾವಿಬ್ಬರೂ ಕೇಳುತ್ತಿದ್ದ ಆ ನಿಯೋ-ಪ್ರೊಗ್ರೆಸಿವ್ ರಾಕ್ ಬ್ಯಾಂಡಿನ ಹಾಡು ಹಾಕಿದೆ. ಸಿಂಧನೂರಿನಿಂದ ಮಸ್ಕಿಯವರೆಗೂ ಇದೇ ಹಾಡಿಗೆ ಜಗಳವಾಡುತ್ತಿದ್ದೆವಲ್ಲ!

“ಬರೇ ಗಿಟಾರ್ ಐತಿ. ಕೀಬೋರ್ಡ್ ಎಲ್ಲೈತಿ? ಇದೂ ಒಂದು ಬ್ಯಾಂಡೇನಲೇ?” ಎನ್ನುತ್ತಿದ್ದೆ ನೀನು.

ನನಗೆ ಕೇಳುತ್ತಿದ್ದುದು ಬರೀ ಕೀಬೋರ್ಡ್. “ನಿನ್ನ ಕಿವ್ಯಾಗ ಹತ್ತಿ ಐತಿ” ಎಂದು ರೇಗುತ್ತಿದ್ದೆ.

ಇದ್ದದ್ದು ಒಂದೇ ಇಯರ್‌ಫೋನ್. ಕಿಟಕಿ ಪಕ್ಕ ಕೂತ ನಿನಗೆ ಬಲದ್ದು, ನನಗೆ ಎಡದ್ದು. ಇವತ್ತು ಎರಡೂ ನನ್ನ ಕಿವಿಯಲ್ಲೇ ಇದ್ದವು. ಎಡಗಡೆ ಕೀಬೋರ್ಡ್ ಕೆಣಕಿದರೆ ಬಲಗಡೆ ಗಿಟಾರ್ ತಿರುಗಿಬೀಳುತ್ತಿತ್ತು. ನಾವು ಅರ್ಧರ್ಧ ಹಾಡು ಕೇಳಿಯೇ ಅಷ್ಟೆಲ್ಲ ಕಿತ್ತಾಡಿದ್ದು. ಎಂಥ ಹಾಡಲೇ ಅದು!

ಮಸ್ಕಿ ದಾಟುವವರೆಗೂ ತಡೆದುಕೊಂಡೆ. ಆಮೇಲೆ ಬಲಗಿವಿಯದನ್ನು ತೆಗೆದು ಕಿಟಕಿ ಪಕ್ಕದ ಖಾಲಿ ಸೀಟಿನ ಮೇಲಿಟ್ಟೆ.

ಗಿಟಾರ್ ನಿಂತುಹೋಯಿತು.

ಬಸವಲಿಂಗ