ನಾಲ್ಕನೇ ಪುಸ್ತಕದ ಕೊನೆಯ ಅಧ್ಯಾಯಗಳು

ಜೂನ್ 9, ಸೋಮವಾರ. ಬೆಳಿಗ್ಗೆ 6.10

ಮತ್ತೆ ನಾಲ್ಕು ಸಲ ಎದ್ದೆ. ಮೂರು ಸಲ ಪಾಪು ಎಬ್ಬಿಸಿದ್ದು. ಒಂದು ಸಲ ನಾನೇ — ಉಸಿರಾಡುತ್ತಿದ್ದಾಳಾ ಎಂದು ನೋಡಲು. ಮೂಗಿನ ಕೆಳಗೆ ಬೆರಳಿಟ್ಟೆ. ಬೆಚ್ಚಗಿತ್ತು. ಆಮೇಲೆ ನಿದ್ದೆ ಇಲ್ಲ.

ಅಮರ್ ಹೊರಟರು. ದಾಬಸ್‌ಪೇಟೆ ಗೋಡೌನ್, ಈ ವಾರ ಬೆಳಗಿನ ಶಿಫ್ಟ್. ಶೂ ಹಾಕಿಕೊಳ್ಳುತ್ತಾ ಕೇಳಿದರು, "ಎಷ್ಟನೇ ಪುಸ್ತಕ?"

ಮೂರು ಮುಗೀತು ಅಂದೆ.

"ಯೇಸುಸ್ವಾಮಿ ರಾಕೆಟ್ ಹತ್ತಿದ್ನಾ?"

"ಹತ್ತಲ್ಲ ರೀ. ಹತ್ತಿದವರ ಜೊತೆ ಇರ್ತಾನಂತೆ."

ನಕ್ಕರು. ಹೋದರು. ಇನ್ನು ಸಂಜೆವರೆಗೆ ನನ್ನ ಮಾತಿಗೆ ನಗುವವರಿಲ್ಲ.

ಜೆಸಿಂತಾ ಮಿಸ್‌ಗೆ ಯಾಕೆ ಹೂಂ ಅಂದೆನೋ. ಡಿಗ್ರಿಯಲ್ಲಿ ಇಂಗ್ಲಿಷ್ ಹೇಳಿಕೊಟ್ಟ ಮಿಸ್. ಪಾಪು ನೋಡಲು ಬಂದವರು ಕೈಗೊಂದು ಫ್ರಾಕ್, ತಲೆಗೊಂದು ಕೆಲಸ ಕೊಟ್ಟು ಹೋದರು. ಸಾಸಿವೆ ಕಾಳು ಪ್ರಶಸ್ತಿ. ಕ್ರೈಸ್ತ ನಂಬಿಕೆ ಇಟ್ಟುಕೊಂಡು ಬರೆದ ಸೈನ್ಸ್ ಫಿಕ್ಷನ್, ಫ್ಯಾಂಟಸಿ ಕಾದಂಬರಿಗಳಿಗೆ ಮಾತ್ರ. ಮೊದಲ ಸುತ್ತು ಓದುವವರಲ್ಲಿ ಒಬ್ಬರಾದರೂ ಚರ್ಚಿನ ಹೊರಗಿನವರು ಇರಬೇಕು ಎಂದು ಮಿಸ್ ಹಟ ಹಿಡಿದರಂತೆ. ಆ ಒಬ್ಬಳು ನಾನು. ಐದು ಇಂಗ್ಲಿಷ್ ಪುಸ್ತಕ, ಫೋನಿನಲ್ಲಿ ಪಿಡಿಎಫ್. ಬರೆದವರ ಹೆಸರಿಲ್ಲ, ಬರೀ ನಂಬರ್. ಕಥೆ, ಲೋಕ, ಭಾಷೆ, ವಿಶ್ವಾಸ — ಒಂದೊಂದಕ್ಕೂ ಹತ್ತು ಮಾರ್ಕ್ಸ್.

ವಿಶ್ವಾಸಕ್ಕೆ ನಾನು ಹೇಗೆ ಮಿಸ್ ಮಾರ್ಕ್ಸ್ ಕೊಡೋದು ಅಂದಿದ್ದೆ. "ಆ ಜನ ನಂಬಿದ್ದನ್ನ ಪುಸ್ತಕ ಮುಚ್ಚೋವರೆಗೆ ನೀನೂ ನಂಬಿದ್ಯಾ? ಅಷ್ಟಕ್ಕೆ ಕೊಡು."

ಮೂರನೆಯದಕ್ಕೆ ನಾಲ್ಕು ಕೊಟ್ಟೆ. ಡ್ರ್ಯಾಗನ್ ಮೊಣಕಾಲೂರಿದ್ದು ನಂಬಲಾಗಲಿಲ್ಲ.

ಸಂಜೆ 4

ಪಾಪುಗೆ ಕಿವಿ ಕೇಳಿಸುತ್ತಾ? ಪಕ್ಕದ ಕೋಣೆಯಲ್ಲಿ ನಾಲ್ಕು ಪವರ್‌ಲೂಮ್ ಒಟ್ಟಿಗೆ ಬಡಿಯುತ್ತಿದ್ದವು, ಇವಳು ಬಾಯಿ ತೆರೆದು ಮಲಗಿದ್ದಳು. ಸ್ಟೀಲ್ ತಟ್ಟೆ ಬೀಳಿಸಿ ನೋಡಿದೆ. ಅಲುಗಲಿಲ್ಲ. ಗೂಗಲ್ ಮಾಡಿದೆ — ಮಾಡಬಾರದಿತ್ತು. ಅತ್ತೆ ನೂಲು ಸುತ್ತುತ್ತಿದ್ದರು. ಹೋಗಿ ಕಿವಿಯ ಹತ್ತಿರ ಹೇಳಿದೆ. ಕೈ ನಿಲ್ಲಿಸದೆ ಹೇಳಿದರು.

"ಮಗ್ಗದ ಮನೇಲೇ ಹುಟ್ಟಿದ್ದೀಯ, ನಿಂಗೊತ್ತಿಲ್ವಾ? ನಮ್ ಮಕ್ಳು ಸದ್ದಿಗೆ ಏಳಲ್ಲ ಕಣಮ್ಮ. ಸದ್ದು ನಿಂತ್ರೆ ಏಳ್ತವೆ."

ಮೂರೂವರೆಗೆ ಕರೆಂಟ್ ಹೋಯಿತು. ಮಗ್ಗಗಳು ನಿಂತವು. ಪಾಪು ಕಿಟಾರನೆ ಕಿರುಚಿ ಎದ್ದಳು. ಎತ್ತಿಕೊಂಡು ನಾನೂ ಅತ್ತುಬಿಟ್ಟೆ. ಸಂತೋಷಕ್ಕೇ ಇರಬೇಕು.

ಕರೆಂಟ್ ಬಂತು. ಮಾವ ಮಗ್ಗದ ಆಚೆಯಿಂದ ತುಟಿ ಆಡಿಸಿದರು — ಕಾಫಿ. ಎರಡು ಬೆರಳು ತೋರಿಸಿದೆ — ಎರಡು ನಿಮಿಷ. ಈ ಮನೆಯಲ್ಲಿ ಯಾರೂ ಕೂಗುವುದಿಲ್ಲ. ಕೂಗಿ ಪ್ರಯೋಜನವಿಲ್ಲ, ತುಟಿ ನೋಡಿ ತಿಳಿದುಕೊಳ್ಳಬೇಕು. ಅಮ್ಮನ ಮನೆಯಲ್ಲೂ ಹೀಗೇ. ನಡೆಯುವುದಕ್ಕೆ ಮೊದಲೇ ತುಟಿ ಓದುವುದು ಬಂದಿರುತ್ತದೆ ನಮಗೆ.

ಜೂನ್ 12, ಗುರುವಾರ. ಮಧ್ಯಾಹ್ನ

ನಾಲ್ಕನೇ ಪುಸ್ತಕ ಶುರು. ಒಂದು ಹಡಗು, ಆಕಾಶದಲ್ಲಿ. ಹೊರಟು ಏಳು ತಲೆಮಾರಾಗಿದೆ. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಗೊತ್ತಿದ್ದವರು ಸತ್ತಾಗಿದೆ. ಒಬ್ಬ ಮುದುಕಿ ಮಾತ್ರ ದಿನಾ ಸಂಜೆ ಇಂಜಿನ್ ಕೋಣೆಯ ಬಾಗಿಲಲ್ಲಿ ನಿಂತು ಬೈಬಲ್ಲಿನ ಕೀರ್ತನೆ ಹೇಳುತ್ತಾಳೆ. ಕೇಳುವವರು ಯಾರೂ ಇಲ್ಲ. ಆದರೂ ಹೇಳುತ್ತಾಳೆ.

ಹಾಲು ಕುಡಿಸುತ್ತಾ ನಲವತ್ತು ಪುಟ ಓದಿದೆ. ಪಾಪು ಎದೆ ಬಿಟ್ಟು ಎಷ್ಟು ಹೊತ್ತಾಗಿತ್ತೋ, ಗೊತ್ತಾಗಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಉಸಿರು ನೋಡಲು ಮರೆತಿದ್ದೆ.

ಜೂನ್ 17, ಮಂಗಳವಾರ. ಮಧ್ಯಾಹ್ನ 2

ಹದಿನೆಂಟನೇ ಅಧ್ಯಾಯ. ಹಡಗಿನ ಇಂಜಿನ್ ಒಂದು ಗಳಿಗೆ ನಿಲ್ಲುತ್ತದೆ. ದೊಡ್ಡವರಿಗೆ ತಿಳಿಯುವ ಮೊದಲೇ ತೊಟ್ಟಿಲುಗಳಲ್ಲಿದ್ದ ಕೂಸುಗಳೆಲ್ಲ ಒಟ್ಟಿಗೆ ಎದ್ದು ಅಳುತ್ತವೆ.

ಫೋನ್ ಕೆಳಗಿಟ್ಟೆ. ಮತ್ತೆ ತೆಗೆದು ಓದಿದೆ.

ಕಂಪ್ಯೂಟರ್ ಮುಂದೆ ಕೂತು ಕಲ್ಪಿಸಿಕೊಳ್ಳುವ ಸಂಗತಿಯಲ್ಲ ಇದು. ಬರೆದವರು ಮಗ್ಗದ ಮನೆಯವರು. ಮುಂದಿನ ಪುಟದಲ್ಲೇ ಇದೆ — ಹಡಗಿನ ಜನ ಕೂಗುವುದಿಲ್ಲ. ತುಟಿ ನೋಡಿ ಮಾತಾಡುತ್ತಾರೆ.

ನಮ್ಮೂರಿನಿಂದ ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುವವರು ಯಾರು? ಅದೂ ಕೀರ್ತನೆ ಗೊತ್ತಿರುವವರು?

ಒಂದೇ ಹೆಸರು. ಬರೆಯುವುದಿಲ್ಲ.

ಜೂನ್ 18, ಬುಧವಾರ. ಬೆಳಿಗ್ಗೆ 11

ಬರೆಯುತ್ತೇನೆ. ವಾಣಿ.

ಅಮ್ಮನ ಮನೆಯ ಎದುರುಸಾಲಿನ ವಾಣಿ. ಒಂದೇ ಬೆಂಚು, ಒಂದೇ ಬಸ್ಸು, ಪರೀಕ್ಷೆಗೆ ಒಂದೇ ನೋಟ್ಸು. ಹೊಸಕೋಟೆಯ ರಾಬಿನ್‌ನನ್ನು ಇಷ್ಟಪಟ್ಟಳು. ಪಿಲ್ಲಗುಂಪೆಯ ಫ್ಯಾಕ್ಟರಿಯಲ್ಲಿ ಕೆಲಸ ಅವನಿಗೆ, ಭಾನುವಾರ ಚರ್ಚಿನಲ್ಲಿ ಕೀಬೋರ್ಡು. ಅವಳ ಮನೆಯಲ್ಲಿ ರಂಪ. ರಿಜಿಸ್ಟರ್ ಮದುವೆಗೆ ಮೂವರು ಸಾಕ್ಷಿ ಬೇಕು. ಮೂರನೆಯವಳು ನಾನು. "ನಾನು ಬರದೆ ಇನ್ಯಾರು ಬರ್ತಾರೆ ಕಣೇ" — ಇದು ನನ್ನ ಬಾಯಿಂದಲೇ ಬಂದ ಮಾತು.

ಆ ವಾರವೇ ಅಮರ್ ಮನೆಯವರು ನನ್ನನ್ನು ನೋಡಿ ಹೋದರು. ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಅಮ್ಮ ಅಡುಗೆಮನೆಯಲ್ಲಿ ಒಂದೇ ಮಾತು ಹೇಳಿದಳು: "ಆ ಹುಡುಗೀ ಜೊತೆ ನಿನ್ ಹೆಸರು ಎಲ್ಲೂ ಬರಬಾರ್ದು."

ಮದುವೆಯ ಹಿಂದಿನ ದಿನ ಮಧ್ಯಾಹ್ನ ವಾಣಿ ಬೀದಿಯ ಆಚೆ ನಿಂತಳು. ನಾನು ಕಿಟಕಿಯಲ್ಲಿದ್ದೆ. ಎರಡು ಮನೆಯ ಮಗ್ಗವೂ ಓಡುತ್ತಿದ್ದವು. ಅವಳ ತುಟಿ ಅಲುಗಿತು. ನಾಳೆ ಹತ್ತು ಗಂಟೆ. ಸಹಿಗೆ ಬಾ.

ಅಂಗೈಯಲ್ಲಿ ಬರೆದಷ್ಟು ಸ್ಪಷ್ಟ.

ಒಳಗೆ ತಿರುಗಿದೆ. ಕಡಿದೇ ಇರದ ಎಳೆಗೆ ಗಂಟು ಹಾಕುವವಳ ಹಾಗೆ ಮಗ್ಗದ ಮೇಲೆ ಬಗ್ಗಿದೆ.

ಮಾರನೆಯ ದಿನ ಹನ್ನೆರಡು ಗಂಟೆಗೆ ಮೆಸೇಜ್ ಕಳಿಸಿದೆ — ಮಗ್ಗ ಓಡ್ತಿತ್ತು, ನೀನು ಹೇಳಿದ್ದು ಕೇಳಿಸ್ಲಿಲ್ಲ ಕಣೇ. ಉತ್ತರ ಬಂತು: ಸರಿ. ನಾಲ್ಕು ವರ್ಷದಿಂದ ಅದೇ ಕೊನೆಯ ಮೆಸೇಜ್. ರಿಜಿಸ್ಟ್ರಾರ್ ಆಫೀಸಿನ ಪಕ್ಕದ ಜೆರಾಕ್ಸ್ ಅಂಗಡಿಯವನನ್ನು ಕರೆದು ಸಹಿ ಹಾಕಿಸಿದರಂತೆ.

ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುವ ನೆಪ ಅದು. ಚೀಟಿಯವರು ಬಂದಾಗ, ಬೇಡದ ನೆಂಟರು ಬಂದಾಗ. ಹೊರಗಿನವರು ನಂಬುತ್ತಾರೆ. ನಾನು ಅದನ್ನು ಮಗ್ಗದ ಮನೆಯ ಹುಡುಗಿಗೇ ಹೇಳಿದೆ.

ಜೂನ್ 19, ಗುರುವಾರ. ಮಧ್ಯಾಹ್ನ 3.20

ಮೂವತ್ತನೇ ಅಧ್ಯಾಯ ಓದಿದೆ.

ಕಥೆಯ ಹುಡುಗಿ ದಪ್ಪ ಗಾಜಿನ ಆಚೆ ನಿಂತಿದ್ದಾಳೆ. ಗಾಜಿನ ಈಚೆ ಗೆಳತಿ. ಬಾಗಿಲು ತೆಗಿ, ಎನ್ನುತ್ತಾಳೆ. ಗೆಳತಿ ನೋಡುತ್ತಾಳೆ. ತಿರುಗಿ ತನ್ನ ಯಂತ್ರದ ಮೇಲೆ ಬಗ್ಗುತ್ತಾಳೆ. ಗುರುತು ಪರಿಚಯವಿಲ್ಲದ ಒಬ್ಬ ಮುದುಕ ಬಂದು ಬಾಗಿಲು ತೆಗೆಯುತ್ತಾನೆ. ಆಮೇಲೆ ಗೆಳತಿ ಹೇಳಿ ಕಳಿಸುತ್ತಾಳೆ — ಇಂಜಿನ್ ಸದ್ದು, ಕೇಳಿಸಲಿಲ್ಲ.

ಮುಂದಿನ ಸಾಲು: ಆ ಹಡಗಿನಲ್ಲಿ ಹುಟ್ಟಿದ ಯಾರೂ, ಯಾವತ್ತೂ, ಕಿವಿಯಿಂದ ಕೇಳಿದವರಲ್ಲ.

ಬೈದಿಲ್ಲ. ಒಂದು ಕೆಟ್ಟ ಮಾತಿಲ್ಲ. ಅಧ್ಯಾಯದ ಕೊನೆಗೆ ಹುಡುಗಿ ಕೀರ್ತನೆ ಹೇಳುವ ಆ ಮುದುಕಿಯ ಪಕ್ಕ ನಿಂತು, ಇಂಜಿನ್ ಸದ್ದಿನಲ್ಲಿ, ದಿನಾ ಒಂದು ಹೆಸರು ಹೇಳಿ ಪ್ರಾರ್ಥಿಸುತ್ತಾಳೆ. ಗೆಳತಿಯ ಹೆಸರು.

ಇನ್ನು ನಾಲ್ಕು ಅಧ್ಯಾಯ. ಮೂವತ್ತೊಂದರ ತಲೆಬರಹ ಕಂಡಿತು — ಮತ್ತೆ ಬಾಗಿಲ ಬಳಿ. ಅಲ್ಲಿಗೆ ಫೋನ್ ಮಗುಚಿಟ್ಟೆ. ಓದುಗರಿಗೆ ಕಳಿಸಿದ ನಿಯಮದ ಹಾಳೆಯಲ್ಲಿದೆ: ಬರೆದವರು ಯಾರೆಂದು ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ, ತಿಳಿಸಿ.

ಯಾರಿಗೆ ಗೊತ್ತಾಗುತ್ತೆ ಓದಿದರೆ?

ಜೂನ್ 20, ಶುಕ್ರವಾರ. ಸಂಜೆ 7

ಹೇಳದೇ ಇದ್ದರೆ ನಲವತ್ತಕ್ಕೆ ನಲವತ್ತು ಕೊಡಬಹುದು. ಅವತ್ತು ಹಾಕದ ಸಹಿ ಇವತ್ತು ಹಾಕಿದ ಹಾಗೆ. ಹೇಳಿದರೆ ಪುಸ್ತಕ ಇನ್ನೊಬ್ಬರ ಕೈಗೆ. ಮಗ್ಗ ಕಂಡಿರದವರ ಕೈಗೆ. ಕೂಸುಗಳು ಎದ್ದು ಅತ್ತದ್ದು ಅವರಿಗೆ ಏನು ಅರ್ಥವಾದೀತು.

ಕೊನೆಯೂ ಸಿಗುವುದಿಲ್ಲ. ಅವಳು ಗೆಳತಿಯನ್ನು ಕ್ಷಮಿಸಿದಳಾ ಇಲ್ಲವಾ — ನಾಲ್ಕು ಅಧ್ಯಾಯದ ಆಚೆ ಇದೆ ಅದು. ನನ್ನ ಅಂಗೈಯಲ್ಲೇ ಇದೆ.

ಅಥವಾ ಇದೆಲ್ಲ ನಿದ್ದೆಗೆಟ್ಟ ತಲೆಯಾ? ಬೇರೆ ಯಾರೋ ಬರೆದಿರಬಹುದು. ನನ್ನ ಬಗ್ಗೆ ಯಾರು ಪುಸ್ತಕ ಬರೀತಾರೆ.

ಅಮರ್‌ಗೆ ಹೇಳೋಣ ಎಂದು ಕೂತೆ. "ರೀ, ವಾಣಿ ಅಂತ ಇದ್ಲು..." ಎನ್ನುವಷ್ಟರಲ್ಲಿ ಗೊರಕೆ. ತುಂಬಾ ಹೊತ್ತು ಆ ಮುಖ ನೋಡಿದೆ. ಒಳ್ಳೆಯ ಮುಖ. ಈ ಮನೆ, ಈ ಮಗು, ಎಲ್ಲ ಅವತ್ತು ಕಿಟಕಿಯಿಂದ ತಿರುಗಿದ್ದಕ್ಕೆ ಸಿಕ್ಕಿದ್ದು. ಇದನ್ನ ಯಾರಿಗೆ ಹೇಳಲಿ?

ಜೂನ್ 21, ಶನಿವಾರ. ಬೆಳಿಗ್ಗೆ 10.30

ಮಿಸ್‌ಗೆ ಫೋನ್ ಮಾಡಿದೆ. ಟೆರೇಸಿಗೆ ಹೋಗಿ. ಪಾಪು ಹೆಗಲ ಮೇಲೆ.

"ಮಿಸ್, ನಾಲ್ಕನೇ ಪುಸ್ತಕ... ಬರೆದವರು ಯಾರು ಅಂತ ಗೊತ್ತಾಯ್ತು ಅನ್ಸುತ್ತೆ."

"ಅನ್ಸುತ್ತಾ, ಗೊತ್ತಾಯ್ತಾ?"

"ಗೊತ್ತಾಯ್ತು."

"ಹೌದು ಅಂತಲೂ ಹೇಳಲ್ಲ, ಅಲ್ಲ ಅಂತಲೂ ಹೇಳಲ್ಲ. ಮಾರ್ಕ್ಸ್ ಹಾಕಿದ್ದೀಯಾ?"

"ಇಲ್ಲ ಮಿಸ್."

"ಒಳ್ಳೇದಾಯ್ತು. ಗೆಳೆಯರು ಮಾರ್ಕ್ಸ್ ಕೊಟ್ರು ಅಂತ ಗೊತ್ತಾದ್ರೆ ಆ ಪುಸ್ತಕನೇ ಸ್ಪರ್ಧೆಯಿಂದ ಆಚೆ. ಎಲ್ಲೀವರೆಗೆ ಓದಿದೆ?"

"ಮೂವತ್ತು. ಮಿಸ್, ಇನ್ನು ನಾಲ್ಕೇ..."

"ಪ್ರಮೋದಾ." ಕ್ಲಾಸಿನಲ್ಲಿ ಕರೆಯುತ್ತಿದ್ದ ಹಾಗೇ ಕರೆದರು. "ಅಳಿಸು."

ಅವರೇ ಮತ್ತೆ ಕೇಳಿದರು, "ನಿದ್ದೆ ಮಾಡ್ತಿದ್ದೀಯಾ ನೀನು?"

ಮಾಡ್ತಿದ್ದೀನಿ ಮಿಸ್ ಅಂದೆ.

ಅಳಿಸಿದೆ. ಆಮೇಲೆ ಡಿಲೀಟ್ ಆದ ಫೈಲ್‌ಗಳು ಹೋಗಿ ಕೂರುವ ಜಾಗದಿಂದಲೂ ಅಳಿಸಿದೆ. ನನ್ನನ್ನು ನಾನು ಬಲ್ಲೆ.

ಕೆಳಗೆ ಬಂದರೆ ಅತ್ತೆ, "ಯಾಕೆ, ಮುಖ ಹಿಂಗಾಗದೆ? ಯಾರ್ ಏನಂದ್ರು?"

"ಓದ್ತಿದ್ದ ಪುಸ್ತಕ ಅರ್ಧಕ್ಕೆ ನಿಂತ್ಹೋಯ್ತು ಅತ್ತೆ."

"ಅಷ್ಟೇನಾ. ಯಾರಾದ್ರೂ ಓದಿದವ್ರನ್ನ ಕೇಳು, ಮಿಕ್ಕಿದ್ದು ಹೇಳ್ತಾರೆ." ರಾಗಿ ಅಂಬಲಿ ಲೋಟ ಮುಂದಿಟ್ಟರು. "ಕುಡಿ. ಹಾಲು ಬತ್ತೋದ್ರೆ ಪುಸ್ತಕ ಬರಲ್ಲ ಕೂಸಿಗೆ ಕುಡ್ಸೋಕೆ."

ಜುಲೈ 30, ಬುಧವಾರ. ಮಧ್ಯಾಹ್ನ 1

ಒಂದು ತಿಂಗಳ ಮೇಲಾಯಿತು ಇದನ್ನು ಮುಟ್ಟಿ. ಪಾಪುಗೆ ಜ್ವರ, ಆಮೇಲೆ ನನಗೆ. ಐದನೇ ಪುಸ್ತಕ ಓದಿ ಮಾರ್ಕ್ಸ್ ಕಳಿಸಿದೆ. ಏನು ಓದಿದೆನೋ ನೆನಪಿಲ್ಲ. ಪಾಪು ಈಗ ನನ್ನ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾಳೆ. ಕಲಿಯುತ್ತಿದ್ದಾಳೆ.

ಮಿಸ್ ಒಂದು ಲಿಂಕ್ ಕಳಿಸಿದರು. ಕೆಳಗೆ ಏನೂ ಬರೆದಿಲ್ಲ. ಸಾಸಿವೆ ಕಾಳು — ಕೊನೆಯ ಸುತ್ತಿನ ಮೂರು ಕಾದಂಬರಿ. ಮೂರನೆಯ ಹೆಸರು:

ವಾಣಿ ರಾಬಿನ್, ಹೊಸಕೋಟೆ.

ಯಾರೋ ಮಗ್ಗ ಕಾಣದವರೇ ಮಾರ್ಕ್ಸ್ ಕೊಟ್ಟಿದ್ದಾರೆ. ನಾನಿಲ್ಲದೆ ಆಯಿತು. ಮದುವೆಯೂ ಹಾಗೇ ಆಗಿತ್ತು.

ಸಣ್ಣ ಫೋಟೋ ಇದೆ. ಕನ್ನಡಕ ಹಾಕಿದ್ದಾಳೆ.

ಆಗಸ್ಟ್ 2, ಶನಿವಾರ. ಬೆಳಿಗ್ಗೆ 11.40

ಈಗಲೇ ಬರೆಯುತ್ತೇನೆ, ಇಲ್ಲದಿದ್ದರೆ ನಾಳೆಗೆ ನಾನೇ ನಂಬುವುದಿಲ್ಲ.

ಹನ್ನೊಂದು ಗಂಟೆ. ನಾಲ್ಕೂ ಮಗ್ಗ ಓಡುತ್ತಿದ್ದವು. ಪಾಪು ಮಲಗಿದ್ದಳು. ಟೆರೇಸಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮಗ್ಗದ ಕೋಣೆಯ ಬಾಗಿಲಲ್ಲೇ ನಿಂತು ವಾಣಿಗೆ ವಿಡಿಯೋ ಕಾಲ್ ಒತ್ತಿದೆ. ಎತ್ತಲ್ಲ ಅಂದುಕೊಂಡೆ. ನಾಲ್ಕನೇ ರಿಂಗಿಗೆ ಎತ್ತಿದಳು.

ದಪ್ಪಗಾಗಿದ್ದಾಳೆ. ಹಿಂದೆ ಹಸಿರು ಗೋಡೆ, ಒಣಗಲು ಹಾಕಿದ ಬಟ್ಟೆ. ನನ್ನನ್ನು ನೋಡಿದಳು. ಮಗ್ಗದ ಸದ್ದು ಅವಳಿಗೆ ಕೇಳಿಸಿರಬೇಕು — ಅಭ್ಯಾಸ, ಫೋನನ್ನು ಮುಖದ ಹತ್ತಿರ ತಂದಳು, ತುಟಿ ಕಾಣುವ ಹಾಗೆ. ನಾನೂ ತಂದೆ.

ಧ್ವನಿ ತೆಗೆಯದೆ ಹೇಳಿದೆ. ಅವತ್ತು ಕಂಡಿತ್ತು ಕಣೇ.

ಅವಳು ಕನ್ನಡಕ ತೆಗೆದಳು. ಒರೆಸಿದಳು. ಹಾಕಿಕೊಂಡಳು.

ಗೊತ್ತು.

ಅಷ್ಟೇ. ನಾನೇ ಮತ್ತೆ — ನಿನ್ನ ಪುಸ್ತಕ ಮೂವತ್ತನೇ ಅಧ್ಯಾಯದವರೆಗೆ ಓದಿದ್ದೆ. ಆಮೇಲೆ ಓದೋ ಹಾಗಿರಲಿಲ್ಲ. ಬಾಗಿಲ ಹತ್ತಿರ ಮತ್ತೆ ಬರ್ತಾಳಲ್ಲಾ, ಏನಾಗುತ್ತೆ?

ಅವಳ ಹುಬ್ಬು ಮೇಲೇರಿತು. ಹೇಗೆ ಸಿಕ್ತು ಎಂದು ಕೇಳುತ್ತಾಳೆ ಅಂದುಕೊಂಡೆ. ಕೇಳಲಿಲ್ಲ. ನಗು ಬರುವ ಮೊದಲು ಕೆಳತುಟಿ ಒಂದು ಪಕ್ಕಕ್ಕೆ ಎಳೆಯುತ್ತಿತ್ತು ಅವಳಿಗೆ, ಕಾಲೇಜಿನಲ್ಲಿ. ಹಾಗೆ ಎಳೆಯಿತು. ಬಾಯಿ ತೆರೆದಳು —

ಕರೆಂಟ್ ಹೋಯಿತು. ವೈಫೈ ಹೋಯಿತು. ಅರ್ಧ ತೆರೆದ ಬಾಯಿ ಹಾಗೇ ನಿಂತು, ಸ್ಕ್ರೀನ್ ಕಪ್ಪಾಯಿತು. ಪಾಪು ಎದ್ದು ಊರು ಒಂದು ಮಾಡಿದಳು.

ಈಗ ತೊಡೆ ಮೇಲಿದ್ದಾಳೆ. ನನ್ನ ಬಾಯಿಯನ್ನೇ ನೋಡುತ್ತಿದ್ದಾಳೆ. ಬೀದಿಯಲ್ಲಿ ಒಂದು ಮಗ್ಗದ ಸದ್ದೂ ಇಲ್ಲ. ಅತ್ತೆ ಹಿತ್ತಲಲ್ಲಿ ಮಾವನನ್ನು ಬೈಯುತ್ತಿರುವುದು ಇಲ್ಲಿಗೆ ಕೇಳಿಸುತ್ತಿದೆ.

ಫೋನ್ ಬಡಿದುಕೊಳ್ಳುತ್ತಿದೆ. ವಿಡಿಯೋ ಅಲ್ಲ, ಬರೀ ಕಾಲ್. ಅವಳದೇ.

ಮಗ್ಗ ನಿಂತಿದೆ. ಇನ್ನು ಯಾವ ನೆಪವೂ —