ಐದಲ್ಲ, ಎರಡೂವರೆ

ಮಾರ್ಚ್ ೪, ಸೋಮವಾರ

ಬೆಳಗ್ಗೆಯೇ ಮೂರನೇ ಕೌಂಟರಿನ ಲೇಬಲ್ ಪ್ರಿಂಟರ್. ರೋಲ್ ಓರೆಯಾಗಿ ಕೂತಿತ್ತು, ಪ್ರತಿ ಸಾಲಿನ ಮೊದಲ ಎರಡು ಅಕ್ಷರ ಕತ್ತರಿಸಿ ಹೋಗುತ್ತಿತ್ತು. ತೆಗೆದು ಹಾಕಿದೆ. ಮಾರ್ಜಿನ್ ಎರಡು ಮಿಲಿಮೀಟರ್ ಸರಿಸಿದೆ. ಆಸ್ಪತ್ರೆಯ ಔಷಧ ವಿಭಾಗಕ್ಕೆ ಹನ್ನೊಂದು ವರ್ಷದ ಹಿಂದೆ, ಚೀಟಿ ದಾಖಲಿಸಿ ಲೇಬಲ್ ಹೊಡೆಯುವ ಈ ಪ್ರೋಗ್ರಾಮ್ ಬರೆದುಕೊಟ್ಟೆ. ಅಂದಿನಿಂದ ಪ್ರಿಂಟರಿಗೆ ಕೆಮ್ಮು ಬಂದರೂ ನನ್ನನ್ನೇ ಕರೆಯುತ್ತಾರೆ.

ಹನ್ನೊಂದಕ್ಕೆ ಸೂಪರಿಂಟೆಂಡೆಂಟ್ ಹೇಳಿಕಳಿಸಿದರು. ಹೋದೊಡನೆ ಬಾಗಿಲು ಹಾಕಿಸಿದರು. ಶುಕ್ರವಾರ ಒಂದೂವರೆ ವರ್ಷದ ಮಗುವಿಗೆ ನಮ್ಮ ಎರಡನೇ ಕೌಂಟರಿನಿಂದ ಸಿರಪ್ ಹೋಗಿದೆ. ಡಾಕ್ಟರ್ ಚೀಟಿಯಲ್ಲಿ ಎರಡೂವರೆ ಎಂ.ಎಲ್. ಬಾಟಲಿಯ ಲೇಬಲ್ಲಿನಲ್ಲಿ ಐದು. ಎರಡು ದಿನ ದುಪ್ಪಟ್ಟು ಕುಡಿಸಿದ್ದಾರೆ. ನಿನ್ನೆ ಬೆಳಗ್ಗೆ ಅಲುಗಾಡಿಸಿದರೂ ಮಗು ಕಣ್ಣು ಬಿಡಲಿಲ್ಲವಂತೆ. ದಾಖಲು ಮಾಡಿದ್ದಾರೆ. ಈಗ ಅಪಾಯವಿಲ್ಲ, ಇವತ್ತು ಹಾಲು ಕುಡಿಯಿತು—ಇದನ್ನು ಅವರು ಕೊನೆಗೆ ಹೇಳಿದರು. ಮೊದಲೇ ಹೇಳಬಹುದಿತ್ತು.

"ಕಂಪ್ಯೂಟರಲ್ಲಿ ಏನಿದೆ ನೋಡಿ ಹೇಳಿ ಮೇಡಮ್."

ನೋಡಿದೆ. ದಾಖಲೆಯಲ್ಲಿ ಎರಡೂವರೆ, ಸರಿಯಾಗಿಯೇ ಇದೆ. ಯಾವುದು ಯಾವ ಹೊತ್ತಿಗೆ ಆಯಿತೆಂಬ ಲಾಗ್ ತೆಗೆದೆ. ಲೇಬಲ್ ಮುದ್ರಣ: ಹತ್ತು ನಲವತ್ತೆರಡು, ಏಳನೇ ಸೆಕೆಂಡ್. ಪ್ರಮಾಣ ಐದರಿಂದ ಎರಡೂವರೆಗೆ ಬದಲಾದದ್ದು: ಅದೇ ನಿಮಿಷ, ಐವತ್ತೊಂದನೇ ಸೆಕೆಂಡ್. ಪ್ರಿಂಟ್ ತೆಗೆದು ಅವರ ಮೇಜಿನ ಮೇಲಿಟ್ಟೆ.

ಅವರು ಕನ್ನಡಕ ಏರಿಸಿ ಓದಿದರು. "ಅಂದ್ರೆ ತಪ್ಪು ಲೇಬಲ್ ಹೊಡೆದು, ಆಮೇಲೆ ಸದ್ದಿಲ್ಲದೆ ದಾಖಲೆ ತಿದ್ದಿದ್ದಾಳೆ."

ಲಾಗ್ ಹಾಗೆಯೇ ಹೇಳುತ್ತಿತ್ತು.

ಮಾರ್ಚ್ ೫

ಎರಡನೇ ಕೌಂಟರಿನವಳನ್ನು ಅಮಾನತು ಮಾಡಿದ್ದಾರೆ. ಟೈಪಿಂಗ್ ವೇಗಕ್ಕೆ ಅವಳಿಗೆ ಎಲ್ಲರೂ ಇಟ್ಟ ಹೆಸರು ಸಿಡಿಲು. ಹದಿನೈದನೇ ತಾರೀಖು ವಿಚಾರಣೆ. ದಾಖಲೆ ತಿದ್ದಿದ್ದು ಸಾಬೀತಾದರೆ ಕೆಲಸ ಹೋಗುತ್ತದೆ. ಬೇರೆಲ್ಲೂ ಸೇರಿಸಿಕೊಳ್ಳುವುದಿಲ್ಲ. ಮಗುವಿನ ದಾಖಲೆ ತಿದ್ದಿದವಳು ಎಂಬ ಹಣೆಪಟ್ಟಿ ಇಟ್ಟುಕೊಂಡು ಯಾವ ಬಾಗಿಲು ತಟ್ಟುವುದು?

ಹೋಗುವಾಗ ನನ್ನ ಕೋಣೆಯ ಬಾಗಿಲಲ್ಲಿ ನಿಂತಳು. "ನಾನು ಎರಡೂವರೆನೇ ಹೊಡೆದೆ ಮೇಡಮ್. ಸ್ಕ್ರೀನ್ ಮೇಲೆ ನೋಡಿದೆ. ಕಣ್ಣಾರೆ." ಅಷ್ಟೇ. ಅಳಲಿಲ್ಲ.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಕಟ್ಟಡದ ಲಿಫ್ಟ್ ಕುಸಿದಾಗ ಕೆಲಸ ಕಳೆದುಕೊಂಡು ಮನೆಗೆ ಹೋದವನು ಲಿಫ್ಟ್ ನಡೆಸುವವನು. ತಂತಿ ಬದಲಿಸಿ ಎಂದು ಅವನೇ ಮೂರು ಸಲ ಬರೆದುಕೊಟ್ಟಿದ್ದ. ಊರ ಸೇತುವೆ ಬಿರುಕು ಬಿಟ್ಟ ವರ್ಷ ಕಾವಲುಗಾರ. ಕುಡಿಯುವ ನೀರಿಗೆ ಚರಂಡಿ ಸೇರಿದ ವರ್ಷ ವಾಲ್ವ್ ತಿರುಗಿಸುವವನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರು ಸಲವೂ ಪತ್ರಿಕೆಗೆ ಪತ್ರ ಬರೆದೆ, ಎರಡು ಅಚ್ಚಾದವು. ನಕ್ಷೆ ಬರೆದವರು ಎಲ್ಲಿ ಎಂದು ಕೇಳಿದ್ದೆ. ಈ ಪ್ರೋಗ್ರಾಮಿನ ನಕ್ಷೆ ಬರೆದವಳು ನಾನೇ.

ಮಾರ್ಚ್ ೬

ಪ್ರಿಂಟರ್ ಕಂಪನಿಯ ಏಜೆಂಟ್ ಬಂದ. ಹಳೆಯ ಲೇಬಲ್ ಪ್ರಿಂಟರಿನ ನೆನಪಿನಲ್ಲಿ ಉಳಿದಿತ್ತೇ, ಹಿಂದಿನ ರೋಗಿಯದು ಮತ್ತೆ ಬಂತೇ ಎಂದು ಕೇಳಿದೆ.

"ಉಳಿದಿದ್ರೆ ಹೆಸರೂ ಹಳೇದೇ ಬರ್ಬೇಕಲ್ವಾ ಮೇಡಮ್? ಹೆಸರು ಈ ಮಗೂದು, ಡೋಸ್ ಮಾತ್ರ ತಪ್ಪು. ನಮ್ಮ ಮಿಷನ್ ಕೊಟ್ಟಿದ್ದನ್ನ ಹೊಡೆಯುತ್ತೆ. ಅದಕ್ಕೇನು ಡಾಕ್ಟರಿಕೆ ಗೊತ್ತಾ?"

ಸರಿಯಾದ ಮಾತು. ಆದರೂ ಪ್ರಿಂಟರಿನ ಡ್ರೈವರ್ ಸಾಫ್ಟ್‌ವೇರ್ ಬದಲಿಸಿದೆ. ಮುದ್ರಣಕ್ಕೆ ಕಾದಿದ್ದ ಕ್ಯೂ ಖಾಲಿ ಮಾಡಿದೆ. ಕೇಬಲ್ ಬದಲಿಸಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ—ಆ ಗಾದೆ ನನಗೇ.

ಮಾರ್ಚ್ ೭

ನಲವತ್ತು ಲೇಬಲ್ ಹೊಡೆದೆ. ಮಕ್ಕಳ ಸಿರಪ್ ಆರಿಸಿದೊಡನೆ ಪ್ರಮಾಣದ ಖಾನೆಯಲ್ಲಿ ಮಾಮೂಲಿ ಐದು ತಾನಾಗಿ ಬಂದು ಕೂರುತ್ತದೆ. ಅಳಿಸಿ ಎರಡೂವರೆ ಮಾಡಿ, ಪ್ರಿಂಟ್ ಬಟನ್ ಒತ್ತಿದೆ. ನಲವತ್ತೂ ಎರಡೂವರೆ. ಒಂದೂ ತಪ್ಪಿಲ್ಲ. ಪ್ರಿವ್ಯೂ ಸರಿ, ಕಾಗದ ಸರಿ, ದಾಖಲೆ ಸರಿ.

ಹಾಗಾದರೆ ಅವಳೇ ತಿದ್ದಿದಳೇ? ಒಂದು ಗಳಿಗೆ ನಂಬಿದೆ. ನಂಬಿದಾಗ ಎಷ್ಟು ಹಗುರವಾಯಿತು ಎಂಬುದನ್ನು ಇಲ್ಲಿ ಬರೆದಿಡಬೇಕು. ಬೇರೆ ಯಾರಿಗೂ ಹೇಳಲಾರೆ.

ಮನೆಗೆ ಬಂದರೆ ಅಕ್ಕ ಪದಬಂಧದಿಂದ ತಲೆ ಎತ್ತಿದಳು. "ನಿನ್ನ ಮುಖ ನೋಡಿದ್ರೆ ಹಾಲು ಒಡೆಯುತ್ತೆ. ಏನೇ ಹುಡುಗಿ?" ನನಗೆ ಐವತ್ತೇಳು. ಅವಳಿಗೆ ನಾನಿನ್ನೂ ಹುಡುಗಿಯೇ. ಎಲ್ಲ ಹೇಳಿದೆ.

"ನಲವತ್ತು ಸಲ ಹೊಡೆದವಳು ಯಾರು?"

"ನಾನು."

"ಮೂವತ್ತೈದು ವರ್ಷ ಪಾಠ ಹೇಳಿದೀನಿ ಕಣೆ. ನಾನು ಬೋರ್ಡ್ ಮೇಲೆ ಮಾಡಿದ ಲೆಕ್ಕ ಒಂದು ದಿನಾನೂ ತಪ್ಪಾಗ್ಲಿಲ್ಲ. ಮಕ್ಕಳು ಎಲ್ಲಿ ಎಡವ್ತಾರೆ ಅಂತ ಗೊತ್ತಾಗೋಕೆ ಅವರ ಹಿಂದೆ ಹೋಗಿ ನಿಂತ್ಕೋಬೇಕಿತ್ತು."

ಮಾರ್ಚ್ ೧೧, ಸೋಮವಾರ

ಮೂರು ದಿನ ಬರೆಯಲಿಲ್ಲ. ಸಿಡಿಲಿನ ಮನೆಗೆ ಹೋಗಲು ಧೈರ್ಯ ಬರಲಿಲ್ಲ, ಅಷ್ಟೇ. ಇವತ್ತು ಲ್ಯಾಪ್‌ಟಾಪ್ ಹಿಡಿದು ಹೋದೆ. ಮೂರನೇ ಮಹಡಿ, ಮೆಟ್ಟಿಲ ಮೇಲೆ ಸೈಕಲ್ಲುಗಳು. ಬಾಗಿಲು ತೆಗೆದವರು ಅವಳ ಅತ್ತೆ.

"ಆಸ್ಪತ್ರೆಯವರಾ? ಇನ್ನೂ ಏನು ಉಳಿದಿದೆ ಅಂತ ತಗೊಂಡು ಹೋಗೋಕೆ ಬಂದ್ರಿ?"

"ಒಳಗೆ ಬರ್ಲಿ ಬಿಡಿ ಅತ್ತೆ," ಎಂದು ಒಳಗಿನಿಂದ ಅವಳ ದನಿ.

ಮಡಚುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆ. ಕೌಂಟರಿನಲ್ಲಿ ಹೇಗೆ ಹೊಡೆಯುತ್ತೀಯೋ ಹಾಗೇ ಹೊಡಿ ಎಂದೆ. ಮೌಸ್ ಅವಳ ಬಲಗಡೆ ಇಟ್ಟೆ. ಅದನ್ನು ಅವಳು ಬದಿಗೆ ಸರಿಸಿದಳು. ನಲವತ್ತು ಸಲವೂ ನಾನು ಹಿಡಿದದ್ದು ಮೌಸ್.

ಚೀಟಿ ನಂಬರ್. ಎಂಟರ್. ಸಿರಪ್. ಎಂಟರ್. ಎಷ್ಟು ದಿನ, ಎಷ್ಟು ಹೊತ್ತು. ಕೊನೆಗೆ ಪ್ರಮಾಣ, ಎರಡೂವರೆ. ಆ ಬೆರಳು ಮೇಲೇಳುವ ಮೊದಲೇ ಇನ್ನೊಂದು ಕೈ ಮುದ್ರಣದ ಕೀಲಿ ಎಫ್ ಎಂಟಕ್ಕೆ. ಪ್ರಿಂಟರ್ ಇರಲಿಲ್ಲ, ಲೇಬಲ್ ಪರದೆಯ ಮೇಲೆ ತೆರೆದುಕೊಂಡಿತು.

ಐದು ಎಂ.ಎಲ್.

ಲೇಬಲ್ ಮುಚ್ಚಿದರೆ ಹಿಂದೆ ಖಾನೆಯಲ್ಲಿ ದಪ್ಪ ಅಕ್ಷರದಲ್ಲಿ ಎರಡೂವರೆ. ಅವಳು ಕಣ್ಣಾರೆ ನೋಡಿದ್ದು ಅದನ್ನೇ. ಮುಂದಿನ ಚೀಟಿ ತೆರೆದಳು. ಆ ಕ್ಷಣಕ್ಕೆ ಲಾಗಿನಲ್ಲಿ ಹೊಸ ಸಾಲು: ಪ್ರಮಾಣ ಬದಲಾಗಿದೆ, ಐದರಿಂದ ಎರಡೂವರೆಗೆ.

ಖಾನೆಯಲ್ಲಿ ಟೈಪ್ ಮಾಡಿದ್ದು, ಕರ್ಸರ್ ಆ ಖಾನೆ ಬಿಟ್ಟು ಹೊರಬಂದಾಗ ಮಾತ್ರ ಪ್ರೋಗ್ರಾಮಿಗೆ ಸೇರುತ್ತದೆ. ಮೌಸ್ ಹಿಡಿದು ಬಟನ್ ಒತ್ತಿದರೆ ಕರ್ಸರ್ ಹೊರಬರುತ್ತದೆ. ಎಫ್ ಎಂಟು ಒತ್ತಿದರೆ ಅಲ್ಲೇ ಕೂತಿರುತ್ತದೆ. ಕಣ್ಣಿಗೆ ಎರಡೂವರೆ, ಒಳಗೆ ಇನ್ನೂ ಐದು. ಹನ್ನೊಂದು ವರ್ಷ ಹೀಗಾಗಲಿಲ್ಲ, ಏಕೆಂದರೆ ಪ್ರಮಾಣದ ಖಾನೆ ನಡುವೆ ಇತ್ತು, ಅದಾದ ಮೇಲೆ ಇನ್ನೆರಡು ಖಾನೆ ದಾಟಬೇಕಿತ್ತು. ಫೆಬ್ರವರಿ ಹನ್ನೆರಡರಂದು ಅದನ್ನು ಫಾರಂನ ಕೊನೆಗೆ ಇಳಿಸಿ, ಅಕ್ಷರ ದಪ್ಪ ಮಾಡಿದೆ. "ಡೋಸ್ ಎದ್ದು ಕಾಣ್ಬೇಕು ಮೇಡಮ್, ಸುರಕ್ಷತೆಯ ಪ್ರಶ್ನೆ," ಅಂದಿದ್ದರು ಸೂಪರಿಂಟೆಂಡೆಂಟ್. ಆಮೇಲೆ ಪರೀಕ್ಷೆ ಮಾಡಿದವಳು ನಾನೇ, ಮೌಸ್ ಹಿಡಿದು. ಎಫ್ ಎಂಟನ್ನು ಇವಳಿಗೆ ಹೇಳಿಕೊಟ್ಟವಳೂ ನಾನೇ.

ಸಿಡಿಲು ಪರದೆಯನ್ನೇ ನೋಡುತ್ತಿದ್ದಳು. "ಹಾಗಾದ್ರೆ ನಾನು ಮಾಡಿದ್ದಲ್ಲ."

"ಅಲ್ಲ."

"ಮತ್ತೆ ಯಾರು?"

"ನಾನು."

ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ಸಿಡಿಲು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಬಳಿಕ, "ಏಳು ದಿನದಿಂದ ನನ್ನ ಬೆರಳನ್ನ ನಾನೇ ಅನುಮಾನಿಸ್ತಾ ಇದೀನಿ ಮೇಡಮ್. ಅಕ್ಕಿ ಅಳೆಯುವಾಗಲೂ ಎರಡು ಸಲ ಎಣಿಸ್ತೀನಿ," ಎಂದಳು.

ಅವಳು ಬೈದಿದ್ದರೆ ಒಳ್ಳೆಯದಿತ್ತು.

ಅದೇ ದಿನ, ಸಂಜೆ ೪

ನೇರ ಕೌಂಟರುಗಳಿಗೆ ಹೋದೆ. ಎಫ್ ಎಂಟು ಮುಟ್ಟಬೇಡಿ ಎಂದು ದಪ್ಪಕ್ಷರದಲ್ಲಿ ಬರೆದು ಎಲ್ಲ ಕೀಬೋರ್ಡಿನ ಮೇಲೆ ಅಂಟಿಸಿದೆ. ಲಾಗ್ ಪೂರ್ತಿ ಜಾಲಾಡಿದೆ. ಫೆಬ್ರವರಿ ಹನ್ನೆರಡರಿಂದ ಮೊದಲು ಲೇಬಲ್, ನಂತರ ಬದಲಾವಣೆ ಎಂಬ ಇದೇ ಗುರುತು ಇನ್ನೂ ಒಂಬತ್ತು ಕಡೆ. ಮೂರು ಬೇರೆ ಬೇರೆ ಕೌಂಟರು. ಮೂವರೂ ಸೇರಿ ದಾಖಲೆ ತಿದ್ದಿದರೇ?

ಹಿರಿಯ ಫಾರ್ಮಸಿಸ್ಟ್ ಪಟ್ಟಿ ಕಸಿದುಕೊಂಡು ಒಂಬತ್ತು ಮನೆಗೂ ಫೋನ್ ಮಾಡಿದರು. ನಾನು ಎದುರು ನಿಂತಿದ್ದೆ. ಪ್ರತಿ ಸಲ ಅವರು "ಹಲೋ" ಎಂದಾಗ ಆ ಕಡೆಯ ದನಿಗೆ ಕಿವಿ ಕೊಡುತ್ತಿದ್ದೆ. ಒಂಬತ್ತೂ ಜನ ಚೆನ್ನಾಗಿದ್ದಾರೆ. ಇಬ್ಬರು ಔಷಧವನ್ನೇ ಕುಡಿದಿರಲಿಲ್ಲ.

ಮಾರ್ಚ್ ೧೨

ಸೂಪರಿಂಟೆಂಡೆಂಟ್ ಎಲ್ಲ ಕೇಳಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು.

"ಸರಿಪಡಿಸೋಕೆ ಎಷ್ಟು ಹೊತ್ತು ಬೇಕು?"

"ಒಂದು ಸಾಲು. ಮುದ್ರಣಕ್ಕೆ ಮೊದಲು ಕರ್ಸರನ್ನು ಖಾನೆಯಿಂದ ಹೊರತರಬೇಕು. ಹತ್ತು ನಿಮಿಷ."

"ಮಾಡಿಬಿಡಿ. ಎಲ್ಲಾ ಮಿಷನ್ನಿಗೂ. ಆಮೇಲೆ ಸುಮ್ಮನಿರಿ. ಫಾರಂ ಬದಲಿಸಿ ಅಂದವನು ನಾನು, ಬದಲಿಸಿದವರು ನೀವು. ಇಬ್ಬರ ಮನೆಗೂ ಬೆಂಕಿ ಯಾಕೆ?"

"ಅವಳ ಮನೆಗೆ ಬಿದ್ದಿದೆಯಲ್ಲ?"

"ಅವಳಿಗೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡೋಣ. ನಾನು ಮಾತಾಡ್ತೀನಿ."

ಮಾಡದ ತಪ್ಪಿಗೆ ಎಚ್ಚರಿಕೆ. ಅದನ್ನು ಉಪಕಾರವೆಂದು ಬೇರೆ ತಿಳಿಯಬೇಕು.

ಕೌಂಟರಿನ ಐದೂ ಮಿಷನ್ನಿಗೆ ಸರಿಪಡಿಸಿದ್ದು ಹಾಕಿದೆ. ಅದನ್ನು ಒಂದು ದಿನ ತಡಮಾಡುವ ಹಕ್ಕು ನನಗಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಹಳೆಯದನ್ನೇ ಉಳಿಸಿಕೊಂಡೆ. ಅದೊಂದೇ ಸಾಕ್ಷಿ. ಕೆಟ್ಟರೆ, ಕಳೆದರೆ, ತಾನಾಗಿ ಏನಾದರೂ ಅಪ್‌ಡೇಟ್ ಆದರೆ... ಮೂರು ಕಡೆ ಪ್ರತಿ ಮಾಡಿಟ್ಟೆ. ಆದರೂ ಬಸ್ಸಿನಲ್ಲಿ ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಬಂದೆ. ಅಕ್ಕ ನಕ್ಕಳು: "ತೊಟ್ಟಿಲು ತರ್ಲಾ?"

ಮಾರ್ಚ್ ೧೪

ಮೌಸ್ ಇಲ್ಲದೆ ಎಪ್ಪತ್ತು ಸಲ ಹೊಡೆದೆ. ಎಪ್ಪತ್ತೂ ಐದು. ನಾಳೆ ಅವರೆದುರು ಒಂದು ಸಲ ಸರಿಯಾಗಿ ಬಂದುಬಿಟ್ಟರೆ? ಕೆಟ್ಟದ್ದು ಕೆಟ್ಟದ್ದಾಗಿಯೇ ಬರಲಿ ಎಂದು ಹಾರೈಸುವ ಸ್ಥಿತಿ.

ಮಾರ್ಚ್ ೧೫, ಶುಕ್ರವಾರ, ಮಧ್ಯಾಹ್ನ ೧೨.೪೦

ಆಡಳಿತ ವಿಭಾಗದ ಕಾರಿಡಾರಿನ ಬೆಂಚು. ಮಂಡಿಯ ಮೇಲೆ ಬರೆಯುತ್ತಿದ್ದೇನೆ.

ತೋರಿಸಿದೆ. ಮೂವರು ಸದಸ್ಯರು, ಮೇಜಿನ ಮೇಲೆ ಪ್ರಿಂಟರ್. ಸಿಡಿಲು ಕೂತು ಐದು ಚೀಟಿ ಹೊಡೆದಳು. ಐದೂ ತಪ್ಪು ಬಂದವು. ಅಧ್ಯಕ್ಷರು ಎದ್ದು ಬಂದು, "ಸರಿ, ನಾನು ಹೊಡೀತೀನಿ," ಎಂದು ಒಂದೇ ಬೆರಳಿನಲ್ಲಿ ಕುಟ್ಟಿದರು. ಅವರದೂ ಐದು ಎಂ.ಎಲ್. ಒಂಬತ್ತು ಜನರ ಪಟ್ಟಿ ಕೊಟ್ಟೆ. ಫಾರಂ ಬದಲಿಸಿದ ದಿನ, ಬದಲಿಸಿದವಳು ನಾನು, ಪರೀಕ್ಷೆ ಸಾಲದೆ ಹೋದದ್ದೂ ನನ್ನದು—ಎಲ್ಲ ಹೇಳಿದೆ. ಬದಲಿಸಲು ಹೇಳಿದವರು ಯಾರೆಂದೂ ಹೇಳಿದೆ. ಸೂಪರಿಂಟೆಂಡೆಂಟ್ ಕಿಟಕಿಯ ಕಡೆ ನೋಡಿದರು.

ಈಗ ಒಳಗೆ ವರದಿ ಬರೆಯುತ್ತಿದ್ದಾರೆ. ಅವಳು ಸೋಮವಾರ ಕೆಲಸಕ್ಕೆ ಬರಬಹುದು ಎಂದರು ಅಧ್ಯಕ್ಷರು. ಹೊರಗೆ ಬರುವಾಗ ಸೂಪರಿಂಟೆಂಡೆಂಟ್ ಮೆಲ್ಲಗೆ ಹೇಳಿದ್ದು: "ವರದಿಯಲ್ಲಿ ತಾಂತ್ರಿಕ ದೋಷ ಅಂತ ಬರುತ್ತೆ. ಯಾರ ಹೆಸರೂ ಇರಲ್ಲ. ಮಗುವಿನ ಕಡೆಯವರ ಹತ್ರ ಮಾತ್ರ ಯಾರೂ ಬಾಯಿ ಬಿಡಬಾರ್ದು, ನಾಳೆ ಕೋರ್ಟು ಕಚೇರಿ ಅಂತ ಆಗುತ್ತೆ."

ತಾಂತ್ರಿಕ ದೋಷ. ಗಾಳಿ ಬೀಸಿತು, ಮರ ಬಿತ್ತು ಎಂಬ ಹಾಗೆ. ಯಾರೂ ಬರೆಯದ, ಯಾರೂ ಪರೀಕ್ಷಿಸದ ದೋಷ.

ಮಗುವಿನ ತಂದೆ ಎದುರಿನ ಬೆಂಚಿನಲ್ಲಿದ್ದಾರೆ. ಬಸ್ ಡ್ರೈವರ್, ಯೂನಿಫಾರ್ಮಿನಲ್ಲೇ ಬಂದಿದ್ದಾರೆ. ಬೆಳಗ್ಗೆ ಮೊದಲು ಅವರ ಹೇಳಿಕೆ ಪಡೆದು ಹೊರಗೆ ಕಳಿಸಿದರು, ಆಮೇಲಿನದೇನೂ ಅವರಿಗೆ ಗೊತ್ತಿಲ್ಲ. ಸಿಡಿಲು ಕಾರಿಡಾರಿನ ಆ ತುದಿಯಲ್ಲಿ, ಕಾಗದ ಸಹಿಯಾಗಲೆಂದು ಕಾಯುತ್ತಾ. ಈಗಷ್ಟೇ ಆ ತಂದೆ ನನ್ನ ಕಡೆ ಬಾಗಿ, ಅವಳತ್ತ ಗಲ್ಲ ತೋರಿಸಿ ಹೇಳಿದರು:

"ಆ ಯಮ್ಮನಿಗೂ ಮಕ್ಕಳಿರಬೇಕಲ್ವಾ ಮೇಡಮ್? ಒಂದು ನಂಬರು. ನೋಡಿ ಹೊಡೆಯೋಕೆ ಏನಾಗಿತ್ತು?"

ಅವಳಿಗೆ ಕೇಳಿಸಿತು. ಬೆನ್ನು ನೆಟ್ಟಗಾಯಿತು. ತಿರುಗಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ನೋಡಿದ್ದರೆ ನಾನಾಗಲೇ ಬಾಯಿ ಬಿಡುತ್ತಿದ್ದೆ.

ಅವಳಿಗೆ ಕೆಲಸ ಸಿಗುತ್ತದೆ. ಈ ಮನುಷ್ಯನ ಮನೆಯಲ್ಲಿ ಮಾತ್ರ ಆ ಮಗು ದೊಡ್ಡದಾಗುವವರೆಗೂ ಅವಳೇ ತಪ್ಪು ಹೊಡೆದವಳು. ಯಾವ ವರದಿಯೂ ಅಲ್ಲಿಗೆ ಹೋಗಿ ಅದನ್ನು ಅಳಿಸುವುದಿಲ್ಲ. ಅವರು ಇನ್ನೂ ನನ್ನನ್ನೇ ನೋಡುತ್ತಿದ್ದಾರೆ, ಉತ್ತರಕ್ಕೆ. ನಾನು ಬಗ್ಗಿ ಬರೆಯುತ್ತಿರುವುದು ತಲೆ ಎತ್ತದಿರಲಿಕ್ಕೆ. ಸಾಕು. ಹೋಗಿ ಪಕ್ಕದಲ್ಲಿ ಕೂತು ಹೇಳುತ್ತೇನೆ—ಆಕೆ ಎರಡೂವರೆನೇ ಹೊಡೆದಿದ್ದು, ನೋಡಿಯೇ ಹೊಡೆದಿದ್ದು, ಐದು ಮಾಡಿದವಳು—