ಓದದೆ ಹಾಕಿದ ಸಹಿ

ನಾರಿನ್ ಪಟ್ಟಣ
ಜೂನ್ ಒಂಬತ್ತು, ಸೋಮವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯೆ? ಮಂಡಿನೋವು ಹೇಗಿದೆ? ಮೇಲೆ ಬೆಟ್ಟದ ಹುಲ್ಲುಗಾವಲಿನಲ್ಲಿ ಇನ್ನೂ ಬೆಳಗಿನ ಹೊತ್ತು ಬಕೆಟ್ಟಿನ ನೀರು ಹೆಪ್ಪುಗಟ್ಟುತ್ತದೆ ಎಂದು ಲಾರಿಯ ಮಾಮಿರ್ ಅಣ್ಣ ಹೇಳಿದ. ನಾನು ಕಳಿಸಿದ ಉಣ್ಣೆಯ ಪಟ್ಟಿಯನ್ನು ಮಂಡಿಗೆ ಕಟ್ಟಿಕೊಳ್ಳುತ್ತಿದ್ದೀಯೋ, ಇಲ್ಲಾ ಹೋದ ವರ್ಷದ ಹಾಗೆ ಕುಂಟುವ ಕುರಿಮರಿಯ ಕಾಲಿಗೆ ಕಟ್ಟಿಬಿಟ್ಟಿದ್ದೀಯೋ? ಕನ್ನಡಕದ ಒಂದು ಗಾಜು ಒಡೆದಿದೆಯಂತೆ. ಹೊಸದಕ್ಕೆ ಹೇಳಿದ್ದೇನೆ, ಮುಂದಿನ ವಾರ ಬರುತ್ತದೆ. ಅಲ್ಲಿಯ ತನಕ ಈ ಕಾಗದವನ್ನು ಪಕ್ಕದ ಗುಡಾರದ ಸೊಸೆಯ ಕೈಲಿ ಓದಿಸಿಕೋ. ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತದೆ. ಪ್ರತಿ ಬೇಸಿಗೆ ನಿನಗೆ ಕಾಗದ ಓದಿ ಹೇಳುವವನು ನಿನ್ನ ಕಿರಿಮಗ ಎಲಾಮಾನ್ ಎಂದು ಗೊತ್ತು. ಅವನಿಗೆ ಈ ತಿಂಗಳ ಕೊನೆಯ ತನಕ ಇಲ್ಲಿ ಹೊಲದ ತರಬೇತಿ ಇದೆ. ಅವನು ಮೇಲೆ ಬರುವುದರೊಳಗೆ ಇದು ನಿನ್ನ ಕೈ ಸೇರಲಿ ಎಂದೇ ಅವಸರದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಕುದುರೆ ಹತ್ತಿ ಸಿಗ್ನಲ್ ಸಿಗುವ ಆ ದಿಬ್ಬಕ್ಕೆ ಹೋಗಬೇಕು, ನಾನು ಇಲ್ಲಿಂದ ಕೂಗಬೇಕು. ಇದು ಕೂಗಿ ಹೇಳುವ ವಿಷಯವಲ್ಲ.

ನನ್ನ ಕೆಲಸ ನಡೆಯುತ್ತಿದೆ. ನಾನು ಕೃಷಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಸಲಹೆಗಾರ್ತಿ ಆದೆ ಎಂದಾಗ ನೀನು ನಕ್ಕದ್ದು ಇನ್ನೂ ನೆನಪಿದೆ. “ಸಲಹೆ ಕೊಡೋದಕ್ಕೂ ಸಂಬಳ ಕೊಡ್ತಾರೇನೇ? ನಾನು ನಲ್ವತ್ತು ವರ್ಷ ಪುಕ್ಕಟೆ ಕೊಟ್ಟೆನಲ್ಲೇ, ಒಬ್ರೂ ಕೇಳ್ಲಿಲ್ಲ!” ನನ್ನದೂ ಅದೇ ಪಾಡು. ಪ್ರತಿ ಸೋಮವಾರ ಒಂದು ಹಾಳೆ ಅಚ್ಚು ಹಾಕಿ ಬೋರ್ಡಿಗೆ ಅಂಟಿಸುತ್ತೇನೆ: ಮರುಪರೀಕ್ಷೆಗೆ ಹೆಸರು ಕೊಡುವ ಕೊನೆಯ ದಿನ, ಬೀಟ್ ಗೆಡ್ಡೆಯ ಹೊಲದಲ್ಲಿ ಬೇಸಿಗೆ ಕೆಲಸ, ಜೇನು ಸಾಕಣೆಗೆ ಇಬ್ಬರು ಬೇಕು, ಪಶುವೈದ್ಯಕ್ಕೆ ಬದಲಾಯಿಸಿಕೊಳ್ಳುವವರು ಬಂದು ಕಾಣಿ. ಬೋರ್ಡಿನ ಮುಂದೆ ನಿಂತು ತಲೆ ಬಾಚಿಕೊಳ್ಳುತ್ತಾರೆ, ಏಕೆಂದರೆ ಅದಕ್ಕೆ ಗಾಜಿನ ಬಾಗಿಲಿದೆ. ಓದುವವರು ನಾಲ್ಕೈದು ಜನ. ಹಳೆಯ ಹಾಳೆಗಳನ್ನು ಒಲೆ ಹೊತ್ತಿಸಲು ನಿನಗೆ ಕಳಿಸಿದರೆ ನೀನು ಅದರಲ್ಲೇ ಒಣಮೊಸರಿನ ಉಂಡೆ ಸುತ್ತಿ ನನಗೆ ವಾಪಸ್ಸು ಕಳಿಸುತ್ತೀಯೆ. ಒಂದು ಸಲ ಅದನ್ನು ಬಿಡಿಸಿದಾಗ ಕೊನೆಯ ದಿನಾಂಕದ ಮೇಲೆ ಸರಿಯಾಗಿ ಉಪ್ಪಿನ ಕಲೆ ಇತ್ತು.

ಫೆಬ್ರವರಿಯ ಒಂದು ಸೋಮವಾರದ ಹಾಳೆಯಲ್ಲಿ ಆಸ್ಟ್ರಿಯಾದ ಸುದ್ದಿ ಹಾಕಿದ್ದೆ. ಅಲ್ಲಿನ ಬೆಟ್ಟಸೀಮೆಯ ಒಂದು ಹುಲ್ಲುಬೀಜದ ಕೇಂದ್ರದಲ್ಲಿ ಒಂದು ವರ್ಷದ ಕಲಿಕೆ, ನಮ್ಮ ಕಾಲೇಜಿಗೆ ಒಂದೇ ಒಂದು ಜಾಗ. ಬೋಳಾದ ಇಳಿಜಾರಿನಲ್ಲಿ ಹುಲ್ಲನ್ನು ಮತ್ತೆ ಹುಟ್ಟಿಸುವುದು ಹೇಗೆ ಎಂದು ಅಲ್ಲಿ ಹೇಳಿಕೊಡುತ್ತಾರೆ. ಎಲಾಮಾನ್ ಆ ಹಾಳೆಯ ಮುಂದೆ ತಲೆ ಬಾಚದೆ ನಿಂತಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಿನ್ನ ಗುಡಾರದ ಹಿಂದಿನ ಇಳಿಜಾರು ಮುಳ್ಳುಕಂಟಿ ಬಿಟ್ಟರೆ ಬೋಳಾಗಿ ಎಷ್ಟು ವರ್ಷವಾಯಿತು? ಅವನು ಹತ್ತು ವರ್ಷದವನಾದಾಗಿನಿಂದ ನಿನ್ನ ಹಳೆಯ ಕಾಲುಚೀಲಗಳಲ್ಲಿ ಹುಲ್ಲಿನ ಬೀಜ ತುಂಬಿ, ಬಾಯಿ ಕಟ್ಟಿ, ಚೀಟಿ ಅಂಟಿಸಿ ಇಟ್ಟವನು. ಬೀಜ ಕೂಡಿಡುತ್ತಾನೆ, ಬಿತ್ತುತ್ತಾನೆ, ಒಂದೂ ನಿಲ್ಲುವುದಿಲ್ಲ. ಆ ಜಾಗ ನಮ್ಮ ಹುಡುಗನಿಗಾಗಿಯೇ ಹುಟ್ಟಿದ ಹಾಗಿತ್ತು ಅಮ್ಮಾ. ನೀನೂ ಹಾಗೇ ತಿಳಿದು, ಬೀಳ್ಕೊಡುಗೆಯ ಊಟಕ್ಕೆಂದು ಕರಿ ಟಗರನ್ನು ಗುರುತು ಮಾಡಿ ಇಟ್ಟಿದ್ದೀಯೆ. ಅದನ್ನು ಕಡಿಯಬೇಡ. ಅವನು ಹೋಗುತ್ತಿಲ್ಲ.

ಅವನು ನಿನಗೆ ಇದನ್ನು ಹೇಳಿದರೆ “ಆಗಲಿಲ್ಲ” ಎಂಬ ಒಂದೇ ಮಾತಿನಲ್ಲಿ ಹೇಳುತ್ತಾನೆ. ಯಾಕೆ ಆಗಲಿಲ್ಲ ಎನ್ನುವುದು ಅವನಿಗೇ ಪೂರ್ತಿ ಗೊತ್ತಿಲ್ಲ. ನನಗೆ ಗೊತ್ತು.

ಅರ್ಜಿಯ ಜೊತೆ ಗುಣಪತ್ರ ಬೇಕು, ಹುಡುಗ ಎಂಥವನು ಎಂದು ಸಲಹೆಗಾರರು ಬರೆದುಕೊಡುವ ಪತ್ರ. ಬರೆದುಕೊಡುವುದು ಎಂದು ಹೆಸರು ಮಾತ್ರ. ನಮ್ಮಲ್ಲಿ ಹುಡುಗರೇ ತಮ್ಮ ಬಗ್ಗೆ ತಾವೇ ಬರೆದು ತರುತ್ತಾರೆ, ನಾವು ಸಹಿ ಹಾಕುತ್ತೇವೆ, ಕಚೇರಿಯಲ್ಲಿ ಮೊಹರು ಒತ್ತುತ್ತಾರೆ. ನಾನು ಬರುವ ಮೊದಲಿನಿಂದಲೂ ಹೀಗೇ. ಶಿಸ್ತಿನವನು, ಕಷ್ಟಸಹಿಷ್ಣು, ಸಹಪಾಠಿಗಳ ಪ್ರೀತಿಗೆ ಪಾತ್ರನು ಎಂಬ ಒಂದೇ ಪತ್ರ ಹತ್ತು ವರ್ಷದಿಂದ ಕೈಯಿಂದ ಕೈಗೆ ಹೋಗುತ್ತಿದೆ, ಹೆಸರು ಮಾತ್ರ ಬದಲಾಗುತ್ತದೆ. ಒಂದು ಸಲ ಒಬ್ಬ ಹುಡುಗಿ ತನ್ನದರಲ್ಲಿ ಸೈನ್ಯದ ಸೇವೆ ಮುಗಿಸಿ ಬಂದಿದ್ದಾನೆ ಎಂಬ ಸಾಲನ್ನು ತೆಗೆಯಲು ಮರೆತಿದ್ದಳು. ಅಂಥವನ್ನು ತಿದ್ದುವುದಕ್ಕಾದರೂ ನಾನು ಒಂದು ಸಲ ಕಣ್ಣಾಡಿಸುತ್ತೇನೆ. ಐಜಿರೆಕ್ ಎಂಬ ಜಾಣ ಹುಡುಗಿಯ ಪತ್ರವನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೂರು ಸಲ ತಿದ್ದಿಸಿದೆ. ಆ ಜಾಗಕ್ಕೆ ಈಗ ಅವಳೇ ಹೋಗುತ್ತಿದ್ದಾಳೆ.

ಎಲಾಮಾನ್‌ನ ಪತ್ರ ಮಾತ್ರ ನಾನು ಓದಲಿಲ್ಲ. ಓದದೇ ಇದ್ದದ್ದು ಮರೆತು ಅಲ್ಲ, ಬೇಕೆಂದೇ. ಮಣ್ಣು ವಿಭಾಗದ ಸಾಲಿಮಾ ಗೊತ್ತಲ್ಲ, ಹೋದ ಹಬ್ಬಕ್ಕೆ ಮನೆಗೆ ಬಂದು ನಿನ್ನ ಹಣ್ಣಿನ ಜಾಮ್ ಬಾಟಲಿ ಎಣಿಸಿದವಳು. ಅವಳು ಒಂದು ವಾರದಿಂದ ಕುಟುಕುತ್ತಿದ್ದಳು. “ಒಂದೇ ಜಾಗವಂತೆ. ಮನೆ ಹುಡುಗ ಇದ್ದಾನೆ, ಮನೆಯವರೇ ಸಲಹೆಗಾರ್ತಿ. ಇನ್ನು ಬೇರೆ ಮಕ್ಳು ಯಾಕೆ ಅರ್ಜಿ ಹಾಕ್ಬೇಕು ಪಾಪ?” ಇಲ್ಲಿ ಹುಡುಗ ಹುಡುಗಿಯರೆಲ್ಲ ನನ್ನನ್ನು ಎಜೆ ಎಂದು ಕರೆಯುತ್ತಾರೆ. ಅವನು ಮನೆಯಲ್ಲಿ ಅಕ್ಕ ಎನ್ನಲು ಬಳಸುವುದೂ ಅದೇ ಮಾತು. ಹಾಗಾಗಿ ಮೂರು ವರ್ಷ ಅವನು ಯಾರೆಂದು ಬಹಳ ಜನಕ್ಕೆ ಗೊತ್ತೇ ಇರಲಿಲ್ಲ, ಅದನ್ನು ನಾನು ಹೆಮ್ಮೆಯಿಂದ ಕಾಪಾಡಿಕೊಂಡು ಬಂದಿದ್ದೆ. ಆ ದಿನ ಅವನು ಕಡತ ಹಿಡಿದು ಬಂದಾಗ ಸಾಲಿಮಾ ನನ್ನ ಮೇಜಿನ ಎದುರಿಗೇ ಕೂತು ಚಹಾ ಕುಡಿಯುತ್ತಿದ್ದಳು. ನಾನು ಏನು ಮಾಡಿದೆ ಗೊತ್ತೇ? ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಸಹಿ ಹಾಕಿದೆ. “ನೋಡಮ್ಮ, ಓದೋದೂ ಇಲ್ಲ ನಾನು” ಎಂದೆ. ಅವಳಿಗೆ ತೋರಿಸಲು ಆಡಿದ ನಾಟಕ. ಅವನು ಅಲ್ಲೇ ನಿಂತು ಮೆಲ್ಲಗೆ “ಎಜೆ, ಒಂದ್ಸಲ ಓದಿ ನೋಡಿ” ಎಂದ. “ಎಲ್ಲರಿಗೂ ಹಾಕೋ ಸಹೀನೇ ನಿನಗೂ ಹಾಕಿದೀನಿ, ಹೋಗು” ಎಂದು ಗದರಿಸಿ ಕಳಿಸಿದೆ. ಹೋದ. ಸಾಲಿಮಾ ಚಹಾ ಮುಗಿಸಿದಳು.

ಮೇ ತಿಂಗಳಲ್ಲಿ ಕಡತ ವಾಪಸ್ಸು ಬಂತು. ಅದನ್ನು ಬೀರುವಿನಲ್ಲಿ ಇಡುವ ಮೊದಲು, ಆಗ, ಓದಿದೆ. ಸಾಲು ಸಾಲು ನನಗೆ ಬಾಯಿಪಾಠವಾಗಿದೆ, ಕೇಳು. “ಎಲಾಮಾನ್ ಮಾತು ಕಡಿಮೆ. ಎರಡನೆಯ ವರ್ಷ ರಸಾಯನಶಾಸ್ತ್ರದಲ್ಲಿ ಒಂದು ಸಲ ಅನುತ್ತೀರ್ಣನಾಗಿದ್ದಾನೆ. ಕುರಿ ಮರಿ ಹಾಕುವ ಕಾಲದಲ್ಲಿ ಮೂರು ವಾರ ಅನುಮತಿ ಇಲ್ಲದೆ ತರಗತಿ ತಪ್ಪಿಸುತ್ತಾನೆ. ಮೊಳಕೆ ಬರಿಸುವ ತಟ್ಟೆಯೊಂದನ್ನು ಒಡೆದು ಎರಡು ದಿನ ಯಾರಿಗೂ ಹೇಳಲಿಲ್ಲ. ಹುಲ್ಲನ್ನು ವಾಸನೆಯಿಂದ ಗುರುತಿಸಬಲ್ಲ, ಆದರೆ ಅದನ್ನು ಅವನಿಗೆ ಕಲಿಸಿದ್ದು ಕಾಲೇಜಲ್ಲ, ಅವನ ತಾಯಿ. ಗುಂಪಿನಲ್ಲಿ ಅವನಿಗಿಂತ ಐಜಿರೆಕ್ ಮುಂದಿದ್ದಾಳೆ. ಅವನಿಗಿಂತ ತಕ್ಕವರಿದ್ದರೆ ಅವರನ್ನು ಕಳಿಸುವುದೇ ನ್ಯಾಯ.” ಇದರ ಕೆಳಗೆ ನನ್ನ ಸಹಿ, ಗುಂಡಗೆ, ಬಾಲ ಎಳೆದು. ಅವನ ತಾಯಿ ಎಂದಿದ್ದಾನಲ್ಲ, ಅದು ನೀನು. ನಿನ್ನ ಮಗ ಬೊಲೊತ್ ಅಣ್ಣ ನಮ್ಮವರ ವಾಡಿಕೆಯಂತೆ ತನ್ನ ಚೊಚ್ಚಲ ಮಗನನ್ನು ಹುಟ್ಟಿದ ನಲವತ್ತನೆಯ ದಿನ ನಿನ್ನ ಮಡಿಲಿಗೆ ಹಾಕಿ “ಇನ್ನು ನಿನ್ನ ಮಗ” ಎಂದದ್ದನ್ನು ಹುಡುಗ ಕಾಗದದಲ್ಲೂ ಬಿಟ್ಟುಕೊಟ್ಟಿಲ್ಲ.

ಅವನು ಹೀಗೆ ಬರೆದಿದ್ದಕ್ಕೆ ನಿನ್ನನ್ನು ಬೈಯಬೇಕು ಎನಿಸಿತು, ಒಂದು ಗಳಿಗೆ. “ಹೊಗಳಿಸಿಕೊಂಡ ಮದುಮಗಳು ಮದುವೆ ದಿನವೇ ಹೂಸು ಬಿಟ್ಟಳು” ಎಂದು ನಮ್ಮ ಕಿವಿಯಲ್ಲಿ ಊದಿ ಊದಿ ಬೆಳೆಸಿದವಳು ನೀನು. ನನಗೆ ಆ ಮಾತು ಒಂದು ಕಿವಿಯಲ್ಲಿ ಬಂದು ಇನ್ನೊಂದರಲ್ಲಿ ಹೋಯಿತು, ಅವನಿಗೆ ಒಳಗೇ ಉಳಿಯಿತು. ಆಮೇಲೆ ನಿನ್ನದೇ ಇನ್ನೊಂದು ಮಾತು ನೆನಪಾಯಿತು. ಅವನಿಗೆ ಆರೋ ಏಳೋ ವರ್ಷ, ಕೆಳಗಿನ ಊರಿನ ಔತಣದಲ್ಲಿ ಬಡಿಸಲು ಬಂದವರಿಗೆ ಎರಡು ಸಲ ಬೇಡ ಎಂದ, ಅವರು ಮೂರನೆಯ ಸಲ ಕೇಳದೆ ಮುಂದೆ ಹೋದರು, ಮಗು ಹಸಿದ ಹೊಟ್ಟೆಯಲ್ಲಿ ಮನೆಗೆ ಬಂತು. ನಾವೆಲ್ಲ ಅವನನ್ನು ನೋಡಿ ನಕ್ಕೆವು. ನೀನು ಮಾತ್ರ ಆ ಮನೆಯವರ ಮೇಲೆ ಉರಿದುಬಿದ್ದೆ. “ಬೇಡ ಅನ್ನೋದು ಮಗೂನ ಮರ್ಯಾದೆ. ಅದನ್ನ ನಂಬಿ ಮುಂದೆ ಹೋಗೋದು ದೊಡ್ಡವರ ಮಾನಗೇಡಿತನ.” ಅಮ್ಮಾ, ಅವನು ಆ ಹಾಳೆಯಲ್ಲಿ ಬೇಡ ಎಂದಿದ್ದ. ನಾನು ಓದುತ್ತೇನೆ, ಓದಿ ಬೈಯುತ್ತೇನೆ, ಬೈದು ಬಲವಂತವಾಗಿ ಬಡಿಸುತ್ತೇನೆ ಎಂದು ನಂಬಿ ಬರೆದಿದ್ದ. ಓದಿ ನೋಡಿ ಎಂದು ಬಾಯಿಬಿಟ್ಟು ಕೇಳಿಯೂ ಕೇಳಿದ. ನನ್ನ ಕೈ ಶುದ್ಧ ಎಂದು ಸಾಲಿಮಾಗೆ ತೋರಿಸುವ ಭರದಲ್ಲಿ ನಾನು ಅವನ ತಟ್ಟೆ ದಾಟಿ ಹೋದೆ. ನಾಚಿಕೆ ಎನ್ನುವುದು ಚಿಕ್ಕ ಮಾತು. ಕಾಲೇಜಿನ ಕಾರಿಡಾರಿನಲ್ಲಿ ಅವನು ಎದುರಾದರೆ ನಾನು ಗ್ರಂಥಾಲಯಕ್ಕೆ ನುಗ್ಗುತ್ತೇನೆ, ಪುಸ್ತಕ ಬೇಡದಿದ್ದರೂ. ಫಲಿತಾಂಶ ಬಂದ ದಿನ ಅವನೇ ನನ್ನನ್ನು ಹುಡುಕಿಕೊಂಡು ಬಂದು “ಪರವಾಗಿಲ್ಲ ಎಜೆ, ನನ್ನಿಂದ ನಿಮಗೆ ತಲೆತಗ್ಗಿಸೋ ಹಾಗಾಯ್ತು” ಎಂದ. ನಾನು ಹೂಂ ಎಂದೆ. ಕೇಳಿದೆಯಾ, ಹೂಂ ಎಂದೆ.

ಹನ್ನೆರಡು ವರ್ಷದಲ್ಲಿ ನಾನು ಒಂದೂ ಗುಣಪತ್ರವನ್ನು ಸ್ವಂತ ಬರೆದವಳಲ್ಲ. ಎರಡು ದಿನದಿಂದ ಅವನದನ್ನು ಬರೆಯಲು ಕೂತಿದ್ದೇನೆ. ಇನ್ನು ಪ್ರಯೋಜನವಿದೆಯೋ ಇಲ್ಲವೋ ತಿಳಿಯದು. ಬರೆಯದೆ ಇರಲು ಆಗುತ್ತಿಲ್ಲ. ನಿನ್ನಲ್ಲಿ ಒಂದೇ ಬೇಡಿಕೆ: ಇದೆಲ್ಲ ಅವನಿಗೆ ಹೇಳಬೇಡ. ಸರಿಯಾದ ಹೊತ್ತು ನೋಡಿ ನಾನೇ ಹೇಳುತ್ತೇನೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು ಇದೆ, ಅದನ್ನು ಬರೆಯಲು ಕೈ ಬರುತ್ತಿಲ್ಲ.

ಚಹಾಪುಡಿ, ಬೆಂಕಿಪೊಟ್ಟಣ, ನೋವಿನ ಮುಲಾಮು ಕಳಿಸಿದ್ದೇನೆ. ಮುಲಾಮು ನಿನಗೆ, ಕುರಿಗಲ್ಲ. ಪಕ್ಕದ ಗುಡಾರದವರಿಗೆಲ್ಲ ನಾನು ಕೇಳಿದೆ ಎಂದು ಹೇಳು. ಬೈಯುವುದಿದ್ದರೆ ಬೈದು ಮುಗಿಸಿ, ಆಮೇಲೆ ಅಂಗೈ ತೆರೆದು ನನಗೂ ಒಂದು ಹಾರೈಕೆಯ ಮಾತು ಹೇಳು. ಅದು ಇಲ್ಲಿಯ ತನಕ ಮುಟ್ಟುತ್ತದೆ.

ನಿನ್ನ ಮಗಳು,
ಬುರುಲ್

ತಾ.ಕ. ಅಮ್ಮಾ, ಅಂಟಿಸಿದ ಲಕೋಟೆಯನ್ನು ಬಿಡಿಸಿ ಬರೆಯುತ್ತಿದ್ದೇನೆ. ಮಾಮಿರ್ ಅಣ್ಣನ ಲಾರಿ ಬಾಗಿಲಿಗೆ ಬಂದಿದೆ, ಮುಂದಿನ ಸೀಟಿನಲ್ಲಿ ಎಲಾಮಾನ್ ಕೂತಿದ್ದಾನೆ! ಬಿತ್ತನೆ ಯಂತ್ರ ಕೆಟ್ಟು ತರಬೇತಿ ಮುಂದಕ್ಕೆ ಹೋಗಿದೆಯಂತೆ. “ಕಾಗದ ಇತ್ಲಾಗೆ ಕೊಡಿ ಎಜೆ, ಅಮ್ಮನಿಗೆ ನಾನೇ ಓದ್ತೀನಿ. ಪಕ್ಕದ ಅತ್ತಿಗೆ ಅರ್ಧ ನುಂಗ್ಕೊಂಡು ಓದ್ತಾರೆ” ಎನ್ನುತ್ತಾನೆ. ಮರೆತಿದ್ದೇನೆ, ಒಳಗಿದೆ ಎಂದು ಓಡಿ ಬಂದೆ. ಇದನ್ನು ಹರಿದು ಹಾಕಿ ಕ್ಷೇಮವೆಂದು ನಾಲ್ಕು ಸಾಲು ಬರೆದುಕೊಡೋಣ ಎನಿಸಿತು. ಹರಿಯಲಿಲ್ಲ. ಅವನಿಗೆ ಹೇಳಬೇಡ ಎಂದದ್ದನ್ನೂ ಹೊಡೆದುಹಾಕಲಿಲ್ಲ, ಎಂಥ ಹೇಡಿ ಎಂದು ಅವನಿಗೂ ಗೊತ್ತಿರಲಿ.

ಎಲಾಮಾನ್, ನಿಲ್ಲಿಸಬೇಡ ಮಗು. ಉಳಿದದ್ದು ನಿನಗೆ. ಏಪ್ರಿಲ್ ಕೊನೆಯಲ್ಲಿ ಆಯ್ಕೆ ಮಾಡುವವರು ರಾಜಧಾನಿಯಿಂದ ನನಗೆ ಫೋನ್ ಮಾಡಿದ್ದರು. “ಇಂಥ ಗುಣಪತ್ರ ನಾನು ಓದೇ ಇಲ್ಲ. ಇದನ್ನ ಬರೆದಿದ್ದು ನೀವೇನಾ?” ಎಂದು ಕೇಳಿದರು. ಹೊಗಳುತ್ತಿದ್ದಾರೆ ಎಂದುಕೊಂಡೆ. ಓದಿಲ್ಲ ಎಂದರೆ ಮಾನ ಹೋಗುತ್ತದೆ ಎನಿಸಿತು. “ಒಂದೊಂದಕ್ಷರವೂ ನನ್ನದೇ” ಎಂದೆ. ಅವರು “ಹಾಗಿದ್ರೆ ಸರಿ” ಎಂದು ಫೋನ್ ಇಟ್ಟರು. ಮಾತು ಆಡಿದರೆ ಹೋಯಿತು. ಹೋದ ವಾರ ನಾನೇ ಅವರಿಗೆ ಫೋನ್ ಮಾಡಿ ನಿಜ ಹೇಳಿದೆ. “ಅಯ್ಯೋ, ಅದನ್ನೇ ಕೇಳೋಕಲ್ವಾ ನಾನು ಅವತ್ತು ಫೋನ್ ಮಾಡಿದ್ದು” ಎಂದರು. ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಂತೆ. ಸಿಗುತ್ತದೆ ಎಂದು ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ನಿನ್ನಿಂದ ನಾನು ತಲೆ ತಗ್ಗಿಸಲಿಲ್ಲ. ನನ್ನಿಂದ ನೀನು ಮತ್ತೆ ಹಸಿದ ಹೊಟ್ಟೆಯಲ್ಲಿ ಮನೆಗೆ ಹೋಗುತ್ತಿದ್ದೀಯೆ.

ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ, ನಿನ್ನ ಗುಣಪತ್ರ. ನಾನೇ ಬರೆದು ಮುಗಿಸಿದ್ದು, ಸಹಿ ಇನ್ನೂ ಹಾಕಿಲ್ಲ. ಅದನ್ನೂ ಈಗಲೇ ಅಮ್ಮನಿಗೆ ಗಟ್ಟಿಯಾಗಿ ಓದು. ನಾಚಿಕೆಯಾಯಿತು ಎಂದು ಒಂದು ಸಾಲೂ ನುಂಗಬೇಡ. ಅದರಲ್ಲಿ ಸುಳ್ಳಿದ್ದರೆ ಅಮ್ಮ ಹೇಳಲಿ, ತಿದ್ದುತ್ತೇನೆ. ಸುಳ್ಳಿಲ್ಲ ಎಂದರೆ ಇಳಿದು ಬರುವಾಗ ಹಾಳೆ ತಾ, ನಿನ್ನ ಎದುರಿಗೇ ಇನ್ನೊಂದು ಸಲ ಓದಿ ಸಹಿ ಹಾಕುತ್ತೇನೆ.

ಮಾಮಿರ್ ಅಣ್ಣ ಹಾರ್ನ್ ಹೊಡೆಯುತ್ತಿದ್ದಾನೆ. ಇನ್ನು ಹೊರಗೆ ಹೋಗಿ, ನಿನ್ನ ಮುಖ ನೋಡಿ, ಇದನ್ನು ನಿನ್ನ ಕೈಗೆ ಕೊಡಬೇಕು.